ಒಲೆ ಸೈ, ಕಿಟಕಿ ಸೈ, ಘೇಂಡಾಮೃಗ ಸೈ

ಬೆಳಗಿನ ಐದು ಗಂಟೆ ನಲವತ್ತೆರಡು ನಿಮಿಷಕ್ಕೆ ಚಂದ್ರಶೇಖರ ತನ್ನ ಅಡುಗೆಮನೆಯ ಗ್ಯಾಸ್ ಒಲೆಯ ಮುಂದೆ ನೆಟ್ಟಗೆ ನಿಂತು, ತೋರುಬೆರಳನ್ನು ಒಲೆಯ ಗುಂಡಿಗೆ ಗುರಿಯಿಟ್ಟು, "ಒಲೆ, ಸೈ!" ಎಂದು ಕೂಗುತ್ತಿದ್ದ. ಎರಡು ಹೆಜ್ಜೆ ಬಲಕ್ಕೆ ಸರಿದು "ನಲ್ಲಿ, ಸೈ!" ಎಂದ. ಹಿಂದಕ್ಕೆ ತಿರುಗಿ "ಬಾಲ್ಕನಿ ಬಾಗಿಲು, ಸೈ! ಕಿಟಕಿ, ಸೈ!" ಎಂದ. ಕೊನೆಗೆ ತನ್ನ ಎದೆಯ ಜೇಬಿಗೆ ತಾನೇ ಬೆರಳು ತೋರಿಸಿಕೊಂಡು "ಪಾಸ್‌ಪೋರ್ಟು, ಸೈ!" ಎಂದ.

"ರೀ, ಹಾಗೇ ಹೆಂಡ್ತಿ ಸೈನಾ ಅಂತಾನೂ ಒಂದ್ಸಲ ನೋಡ್ಬಿಡಿ," ಎಂದಳು, ಬಾಗಿಲ ಬಳಿ ಸೂಟ್‌ಕೇಸಿನ ಮೇಲೆ ಕುಳಿತಿದ್ದ ವಸುಂಧರಾ. "ಆರು ಗಂಟೆಗೆ ಬಸ್ಸು."

"ಆರು ಗಂಟೆ ನಾಲ್ಕು ನಿಮಿಷಕ್ಕೆ."

"ನಾಲ್ಕು ನಿಮಿಷ ಜಾಸ್ತಿ ಸಿಕ್ತಲ್ಲ, ಇನ್ನೊಂದು ರೌಂಡ್ ಕೂಗಿ ಹಾಗಾದ್ರೆ."

ಚಂದ್ರಶೇಖರನಿಗೆ ಐವತ್ತೊಂದು ವರ್ಷ. ತ್ಸುಕುಬಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಥರ್ಮಾಮೀಟರುಗಳ ತಪ್ಪು ಹಿಡಿಯುವುದು ಅವನ ಕೆಲಸ. ಯಾರದೋ ಥರ್ಮಾಮೀಟರು ಇಪ್ಪತ್ತೈದು ಡಿಗ್ರಿ ತೋರಿಸಿದರೆ, ಅದು ನಿಜಕ್ಕೂ ಇಪ್ಪತ್ತೈದೋ, ಇಲ್ಲ ಇಪ್ಪತ್ತೈದರ ಮೇಲೆ ಒಂದು ಡಿಗ್ರಿಯ ಸಾವಿರದಲ್ಲಿ ಮೂರು ಪಾಲೋ ಎಂದು ನೋಡಿ ಸಹಿ ಹಾಕುವವನು ಅವನು. ಇಪ್ಪತ್ತು ವರ್ಷ ಇದನ್ನೇ ಮಾಡಿದವನ ನಾಲಗೆಯ ಮೇಲೆ "ಸುಮಾರು" ಎಂಬ ಪದ ಹೊರಳುವುದನ್ನೇ ಮರೆತಿತ್ತು. ಸ್ಟೇಷನ್ನಿಗೆ ಸೈಕಲ್ಲಿನಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ "ಹನ್ನೊಂದು ನಿಮಿಷ, ಸಿಗ್ನಲ್ ಕೆಂಪಿದ್ರೆ ಹನ್ನೆರಡೂವರೆ" ಎನ್ನುತ್ತಿದ್ದ. ಮಗಳು ಹರ್ಷಿಣಿ ಪ್ರಾಥಮಿಕ ಶಾಲೆಯಲ್ಲಿದ್ದಾಗ, ಆಟೋಟದ ದಿನ ನೂರು ಮೀಟರ್ ಓಟದ ಹಾದಿಯನ್ನು ಸುಮ್ಮನೆ ಕುತೂಹಲಕ್ಕೆ ಟೇಪು ಹಿಡಿದು ಅಳೆದು, ಅದು ತೊಂಬತ್ತೆಂಟು ಮೀಟರ್ ಅರವತ್ತು ಸೆಂಟಿಮೀಟರ್ ಎಂದು ಮೇಷ್ಟರಿಗೆ ತಿಳಿಸಿದ. ಅಂದು ಶಾಲೆಯ ದಾಖಲೆ ಮುರಿದಿದ್ದ ಹುಡುಗಿಯ ದಾಖಲೆ ರದ್ದಾಯಿತು. ಆ ಹುಡುಗಿ ಹರ್ಷಿಣಿಯೇ.

"ಒಂದ್ ಸುಳ್ಳು ಹೇಳಕ್ಕೆ ಬರಲ್ಲ ನಿಮ್ ಅಪ್ಪಂಗೆ," ಎಂದು ವಸುಂಧರಾ ಮಗಳ ಕಣ್ಣೊರೆಸಿದ್ದಳು. "ಸುಮ್ನಿರಕ್ಕಂತೂ ಮೊದ್ಲೇ ಬರಲ್ಲ."

ಬೆರಳು ತೋರಿಸಿ ಕೂಗುವ ಅಭ್ಯಾಸ ಅವನದೇ ಅಲ್ಲ, ಈ ದೇಶದ್ದು. ಇಲ್ಲಿ ರೈಲು ಓಡಿಸುವವನು ಬಿಳಿ ಕೈಗವಸು ತೊಟ್ಟ ಬೆರಳನ್ನು ಸಿಗ್ನಲ್ಲಿನ ಕಡೆ ಚಾಚಿ "ಯೋಶಿ!", ಅಂದರೆ "ಸರಿ!", ಎಂದು ತನಗೆ ತಾನೇ ಕೂಗಿಕೊಳ್ಳುತ್ತಾನೆ. ಕಣ್ಣು, ಕೈ, ಬಾಯಿ, ಕಿವಿ ನಾಲ್ಕೂ ಒಟ್ಟಿಗೆ ಸಾಕ್ಷಿ ಹೇಳಿದರೆ ತಪ್ಪು ನುಸುಳುವುದಿಲ್ಲ ಎಂಬುದು ಲೆಕ್ಕಾಚಾರ. ಕೆಲಸಕ್ಕೆ ಸೇರಿದ ಮೊದಲ ವಾರವೇ ಚಂದ್ರಶೇಖರ ಲ್ಯಾಬಿನ ಹೀಟರು ಆರಿಸದೆ ಮನೆಗೆ ಹೋಗಿದ್ದ. ಮರುದಿನ ಮೇಲಧಿಕಾರಿ ಒಂದು ಮಾತೂ ಬೈಯದೆ ಈ ವಿದ್ಯೆ ಕಲಿಸಿಕೊಟ್ಟರು. ವಿದ್ಯೆ ಕೂಡಲೇ ಹಿಡಿಸಿತು, ಆದರೆ "ಯೋಶಿ" ಬಾಯಿಗೆ ಹತ್ತಲಿಲ್ಲ. ಅವನ ತಾತ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಿದ್ದವರು. ತಕ್ಕಡಿಯ ಮುಳ್ಳು ಅಲುಗಾಡಿ, ಅಲುಗಾಡಿ, ನಟ್ಟನಡುವೆ ನಿಂತ ಕ್ಷಣಕ್ಕೆ ಅವರು ಮಂಡಿಗೆಲ್ಲ ಕೇಳುವಂತೆ "ಸೈ!" ಎನ್ನುತ್ತಿದ್ದರು. ಆ ಸದ್ದು ಕೇಳಿದ ಮೇಲೆ ಮಾರುವವನೂ ಕೊಳ್ಳುವವನೂ ಎರಡನೇ ಮಾತು ಆಡುತ್ತಿರಲಿಲ್ಲ. ಹಾಗಾಗಿ ಮೊಮ್ಮಗ ಬೆರಳನ್ನು ಜಪಾನಿನಿಂದ ತೆಗೆದುಕೊಂಡ, ಮಾತನ್ನು ತಿಪಟೂರಿನಿಂದ.

ಬಾಗಿಲಿಗೆ ಬೀಗ ಹಾಕಿ, "ಬೀಗ, ಸೈ!" ಎಂದು ತಿರುಗಿದಾಗ ಓಣಿಯಲ್ಲಿ ಪಕ್ಕದ ಮನೆಯ ಮೊರಿತಾ-ಸಾನ್ ಕಾಯುತ್ತ ನಿಂತಿದ್ದರು. ಎಪ್ಪತ್ತಾರು ವರ್ಷದ, ಒಂದು ಮೀಟರ್ ನಲವತ್ತೇಳು ಸೆಂಟಿಮೀಟರ್ ಎತ್ತರದ ಹೆಂಗಸು. ತಲೆಯ ಮೇಲೆ ಹೊಸ ಟೋಪಿ, ಟೋಪಿಯ ಮೇಲೆ ಬೆರಳುದ್ದದ ಘೇಂಡಾಮೃಗದ ಬಿಲ್ಲೆ.

"ಈ ಹೊತ್ತೂ ಎಷ್ಟು ಹುರುಪಿನಿಂದ ಕೂಗಿದಿರಿ, ಚಂದ್ರ-ಸಾನ್," ಎಂದು ಅವರು ತಲೆ ಬಾಗಿಸಿ ನಕ್ಕರು. "ಗೋಡೆಯ ಆಚೆಯಿಂದ ಕೇಳಿ ನನಗೂ ಧೈರ್ಯ ಬಂತು."

ನಡುಗೋಡೆ ತೆಳ್ಳಗಿತ್ತು. ಹನ್ನೆರಡು ವರ್ಷದಿಂದ ಈ ಕೂಗು ಪ್ರತಿ ಬೆಳಿಗ್ಗೆ ಅವರ ಮನೆಗೂ ಹೋಗುತ್ತಿತ್ತು. ಅವರು ಒಂದು ದಿನವೂ ದೂರಿದವರಲ್ಲ. ಬದಲಿಗೆ ಹಬ್ಬಕ್ಕೋ ಹೊಸ ವರ್ಷಕ್ಕೋ ಏನಾದರೂ ಉಡುಗೊರೆ ತರುತ್ತಿದ್ದರು, ಮತ್ತು ಆ ಉಡುಗೊರೆಯ ಮೇಲೆ ಎಲ್ಲಾದರೊಂದು ಕಡೆ ಘೇಂಡಾಮೃಗ ಇರುತ್ತಿತ್ತು. ಘೇಂಡಾಮೃಗದ ಟವಲು. ಘೇಂಡಾಮೃಗದ ಆಕಾರದ ಚಾಪ್‌ಸ್ಟಿಕ್ ಒರಗು. ಹೊಸ ವರ್ಷಕ್ಕೆ ಊರಿಗೂರೇ ಇಲ್ಲಿಯ ಪಂಚಾಂಗದಂತೆ ಹುಲಿಯ ವರ್ಷ, ಮೊಲದ ವರ್ಷ ಎಂದು ಆಯಾ ಪ್ರಾಣಿಯ ಕಾರ್ಡು ಕಳಿಸುತ್ತಿದ್ದಾಗಲೂ ಮೊರಿತಾ-ಸಾನ್ ಅವರ ಕಾರ್ಡಿನಲ್ಲಿ ಘೇಂಡಾಮೃಗವೇ. ಅವರು ಮೂವತ್ತೊಂದು ವರ್ಷ ಒಂದು ಪ್ರಾಣಿಸಂಗ್ರಹಾಲಯದ ಟಿಕೆಟ್ ಕಿಟಕಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಸರಕಿರಬೇಕು ಎಂದು ದಂಪತಿ ತೀರ್ಮಾನಿಸಿದ್ದರು. ಅಥವಾ, ಎಂದು ವಸುಂಧರಾ ಒಮ್ಮೆ ಹೇಳಿದ್ದಳು, "ನಿಮ್ ಚರ್ಮ ದಪ್ಪ ಅಂತ ನಯವಾಗಿ ತಿಳಿಸ್ತಿದಾರೋ ಏನೋ."

ಈ ಪ್ರವಾಸ ಮೊರಿತಾ-ಸಾನ್ ಅವರದು. ಸಂಗ್ರಹಾಲಯದಲ್ಲಿ ಒಂದೇ ಒಂದು ಘೇಂಡಾಮೃಗವಿತ್ತು. ಟಿಕೆಟ್ ಕೊಂಡ ಮಕ್ಕಳಿಗೆಲ್ಲ ಅವರು "ಎಡಕ್ಕೆ ಹೋಗಿ ಆನೆಯ ಹಿಂದೆ" ಎಂದು ದಾರಿ ಹೇಳಿ, ಊಟದ ಬಿಡುವಿನಲ್ಲಿ ತಾವೂ ನೋಡಲು ಹೋಗುತ್ತಿದ್ದರು. ಊಟದ ಬಿಡುವು ಹನ್ನೆರಡರಿಂದ ಒಂದು, ಘೇಂಡಾಮೃಗ ನಿದ್ದೆ ಮಾಡುವ ಹೊತ್ತೂ ಅದೇ. ನೆರಳು ಇದ್ದದ್ದು ಹಿಂಗೋಡೆಯ ಕಡೆ. ಆದ್ದರಿಂದ ಮೂವತ್ತೊಂದು ವರ್ಷ ಅವರು ನೋಡಿದ್ದು ಅದರ ಹಿಂಭಾಗವನ್ನು ಮಾತ್ರ. ಅದು ಸತ್ತ ದಿನ ಅವರಿಗೆ ರಜೆ ಇತ್ತು.

"ಒಂದು ಸಲ ಮುಖ ನೋಡಬೇಕು," ಎಂದಿದ್ದರು ಮೊರಿತಾ-ಸಾನ್, ಮಾರ್ಚಿ ತಿಂಗಳಲ್ಲಿ ಇವರ ಮನೆಗೆ ಬಂದು, ಕೆನ್ಯಾದ ಸಫಾರಿಯ ಬಣ್ಣದ ಹಾಳೆಯನ್ನು ಮೇಜಿನ ಮೇಲೆ ಹರಡಿ. "ಮುಂದಿನ ವರ್ಷ ಮೊಣಕಾಲು ಒಪ್ಪುವುದಿಲ್ಲ, ಡಾಕ್ಟರು ಹೇಳಿದ್ದಾರೆ. ಎಪ್ಪತ್ತೈದು ದಾಟಿದವರಿಗೆ ಜೊತೆಗೊಬ್ಬರು ಇರಲೇಬೇಕು ಎನ್ನುತ್ತದೆ ಕಂಪನಿ. ನನ್ನ ಗೆಳತಿ ಸೊಂಟ ಮುರಿದುಕೊಂಡಳು. ಆಗ ನನಗೆ ನೆನಪಾದದ್ದು ಒಬ್ಬರೇ. ಚಂದ್ರ-ಸಾನ್."

ಯಾಕೆ ತಾನು ಎಂದು ಚಂದ್ರಶೇಖರನಿಗೆ ಅರ್ಥವಾಗಲಿಲ್ಲ. ಆದರೆ ಇಪ್ಪತ್ತು ವರ್ಷ ತುಂಬಿದವರು ಹತ್ತು ದಿನ ರಜೆ ಹಾಕಲೇಬೇಕು ಎಂದು ಸಂಸ್ಥೆ ಅವನ ಬೆನ್ನು ಹತ್ತಿತ್ತು, ಮತ್ತು ವಸುಂಧರಾ ಆಗಲೇ "ಹೈ, ಹೈ" ಎಂದು ಒಪ್ಪಿ ಟೀ ಸುರಿಯುತ್ತಿದ್ದಳು.

ಮಸಾಯಿ ಮಾರಾದ ಬಯಲಿಗೆ ಬಂದಿಳಿದ ಮರುದಿನ ಬೆಳಿಗ್ಗೆ, ಛಾವಣಿ ಎತ್ತಿದ ಸಫಾರಿ ಗಾಡಿಯಲ್ಲಿ ಏಳು ಜನರಿದ್ದರು: ಈ ಮೂವರು, ಚಿಬಾದಿಂದ ಬಂದ ಮೂವರು ವಯಸ್ಸಾದ ಅಕ್ಕತಂಗಿಯರು, ಮತ್ತು ಪ್ರವಾಸದ ಉಸ್ತುವಾರಿ ಓಕಾದಾ-ಸಾನ್ ಎಂಬ ತರುಣಿ. ಓಕಾದಾ-ಸಾನ್ ಕೈಯಲ್ಲಿ ಒಂದು ಸಣ್ಣ ಬಾವುಟ. ಆರು ಜನರನ್ನು ಒಂದೇ ಗಾಡಿಯಲ್ಲಿ ಕೂಡಿಸಿಕೊಂಡಿದ್ದರೂ, ಯಾರೂ ಇಳಿಯುವಂತಿಲ್ಲದಿದ್ದರೂ, ಬಾವುಟ ಎತ್ತಿಯೇ ಇತ್ತು. ಗಾಡಿ ಓಡಿಸುವ ಕಿಬೆಟ್ ಹದಿನೆಂಟು ವರ್ಷದಿಂದ ಜಪಾನಿನವರನ್ನೇ ಸುತ್ತಿಸುತ್ತಿದ್ದವನು. ಅವರ ಭಾಷೆಯಲ್ಲಿ ಅವನಿಗೆ ನಮಸ್ಕಾರ, ಕ್ಷಮಿಸಿ, ಮತ್ತು ಎಲ್ಲ ಪ್ರಾಣಿಗಳ ಹೆಸರು ಬರುತ್ತಿತ್ತು.

ಎಂಟು ಗಂಟೆಯೊಳಗೆ ಜೀಬ್ರಾ, ಜಿರಾಫೆ, ಕಾಡೆಮ್ಮೆ, ಆನೆ ಎಲ್ಲ ಆದವು. ಚಂದ್ರಶೇಖರ ನೋಟ್‌ಬುಕ್ಕಿನಲ್ಲಿ ಸಮಯ, ಸಂಖ್ಯೆ, ಅಂದಾಜು ದೂರ ಬರೆದುಕೊಳ್ಳುತ್ತಿದ್ದ. ಬದುಕಿನಲ್ಲಿ ಮೊದಲ ಸಲ ಸಿಂಹ ನೋಡಿದವನ ನೋಟ್‌ಬುಕ್ಕಿನಲ್ಲಿ "೭.೫೧, ಒಂದು, ೪೦ ಮೀ., ಆಕಳಿಸಿತು" ಎಂದಿತ್ತು.

"ಹೇಗಿದೆ ರೀ?" ಎಂದಳು ವಸುಂಧರಾ, ಕಣ್ಣರಳಿಸಿ.

"ನಾಲ್ಕು ಸೆಕೆಂಡ್ ಆಕಳಿಸ್ತು."

"ನಿಮ್ ಜೊತೆ ಒಂದು ದಿನ ಇದ್ರೆ ಆ ಸಿಂಹ ಆಕಳಿಸೋದು ನಿಲ್ಸಲ್ಲ."

ಗಾಡಿ ಮತ್ತೆ ಹೊರಡುವ ಮುಂಚೆ ಕಿಬೆಟ್ ಎಂಜಿನ್ನು ಆರಿಸಿ ಕಿವಿಗೊಟ್ಟು ಕುಳಿತ. ಬಯಲು ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದಲ್ಲಿ ಚಂದ್ರಶೇಖರ, ಇಪ್ಪತ್ತು ವರ್ಷದ ಅಭ್ಯಾಸದಂತೆ, ಹೊರಡುವ ಮೊದಲಿನ ತಪಾಸಣೆ ಶುರುಮಾಡಿದ. ಟೋಪಿ, ನೀರು ಎರಡನ್ನೂ ಬಾಯೊಳಗೇ ಮುಗಿಸಿದ. ಆಮೇಲೆ ಪಕ್ಕದ ಕಿಟಕಿಯ ಅಗುಳಿಗೆ ತೋಳುದ್ದ ಬೆರಳು ಚಾಚಿ ಗಟ್ಟಿಯಾಗಿ ಹೇಳಿದ:

"ಕಿಟಕಿ, ಸೈ!"

ಗಾಡಿ ಒಂದು ಪಕ್ಕಕ್ಕೆ ವಾಲಿತು. ಎಲ್ಲರೂ ಅವನ ಕಡೆಯ ಕಿಟಕಿಗೆ ಮುಗಿಬಿದ್ದಿದ್ದರು.

"ಸಾಯಿ?" ಎಂದಳು ದೊಡ್ಡಕ್ಕ.

"ಸಾಯಿ! ಸಾಯಿ!" ಎಂದಳು ನಡುವಿನವಳು, ಕ್ಯಾಮೆರಾ ಎತ್ತುತ್ತಾ.

"ಸಾಯಿ!" ಎಂದು ಕಿಬೆಟ್ ಎಂಜಿನ್ನು ಚಾಲೂ ಮಾಡಿ, ರೇಡಿಯೋದಲ್ಲಿ ತನ್ನ ಭಾಷೆಯಲ್ಲಿ ಏನೋ ಕೂಗಿದ.

ಚಂದ್ರಶೇಖರ ಬೆಚ್ಚಿಬಿದ್ದ. ಜಪಾನಿನಲ್ಲಿ ಕಳೆದ ಇಪ್ಪತ್ತು ವರ್ಷದಲ್ಲಿ ಯಾರೂ ಅವನಿಗೆ ಒಂದು ಗಡಸು ಮಾತು ಆಡಿರಲಿಲ್ಲ. ಈಗ ಹತ್ತು ಸೆಕೆಂಡಿನೊಳಗೆ ಮೂರು ಜನ ಮುಖಕ್ಕೆ ಮುಖ ಕೊಟ್ಟು ಸಾಯಿ ಅಂದಿದ್ದರು, ಅದೂ ನಗುನಗುತ್ತಾ.

"ವಸು," ಎಂದ ಮೆಲ್ಲಗೆ, "ಯಾಕೆ ಎಲ್ರೂ ನನ್ನ ಸಾಯಿ ಅಂತಿದಾರೆ?"

ವಸುಂಧರಾ ಹಣೆಗೆ ಕೈ ಹಚ್ಚಿಕೊಂಡಳು. "ಅಯ್ಯೋ ನನ್ ಕರ್ಮವೇ. ರೀ, ನಿಮ್ಮನ್ನಲ್ಲ. ಜಪಾನೀಸ್‌ನಲ್ಲಿ ಸಾಯಿ ಅಂದ್ರೆ ಘೇಂಡಾಮೃಗ ಕಣ್ರೀ!"

ಲ್ಯಾಬಿನ ಜಪಾನಿ ಚಂದ್ರಶೇಖರನಿಗೆ ನೀರು ಕುಡಿದಷ್ಟು ಸಲೀಸು. ಅಳತೆ, ಅನಿಶ್ಚಿತತೆ, ವರದಿ ಎಲ್ಲಕ್ಕೂ ಅವನ ಬಳಿ ಪದವಿತ್ತು. ಘೇಂಡಾಮೃಗದ ಉಷ್ಣತೆ ನೋಡಿಕೊಡಿ ಎಂದು ಯಾರೂ ಬಂದಿರಲಿಲ್ಲವಾದ್ದರಿಂದ ಆ ಪದ ಮಾತ್ರ ತಪ್ಪಿಹೋಗಿತ್ತು. ಮಗಳಿಗೆ ಚಿತ್ರದ ಪುಸ್ತಕ ಓದಿಸಿದವಳು ವಸುಂಧರಾ.

"ನಿಂಗೆ ಗೊತ್ತಿತ್ತಾ? ಮತ್ತೆ ಇಷ್ಟು ವರ್ಷ ನಾನು ದಿನಾ ಸೈ, ಸೈ ಅಂತಿದ್ನಲ್ಲ!"

"ನೀವು ಹೇಳ್ತಿದ್ದಿದ್ದು ಕನ್ನಡ ಅಲ್ವಾ? ಕನ್ನಡ ಕೇಳೋ ಕಿವಿನೇ ಬೇರೆ. ಅಲ್ಲಿ ಘೇಂಡಾಮೃಗ ನುಗ್ಗಲ್ಲ."

ಅಷ್ಟರಲ್ಲಿ ಕಿಬೆಟ್ ಗಾಡಿಯನ್ನು ಅವನ ಬೆರಳು ತೋರಿಸಿದ ದಿಕ್ಕಿಗೆ ಹೊಡೆದಿದ್ದ. ಅಲ್ಲಿ ಒಂದು ಪೊದೆ ಇತ್ತು. ರೇಡಿಯೋ ಕೇಳಿ ಉಳಿದ ಗಾಡಿಗಳೂ ಬಂದವು, ಒಂದು, ಎರಡು, ಒಟ್ಟು ಆರು. ನಲವತ್ತೊಂದು ಜನ ಉಸಿರು ಬಿಗಿಹಿಡಿದು ಆ ಪೊದೆಯನ್ನು ಮೂವತ್ತೇಳು ನಿಮಿಷ ನೋಡಿದರು. ಪೊದೆಯಿಂದ ಒಂದು ಕಾಡುಕೋಳಿ ಹೊರಬಂದು, ಆರು ಗಾಡಿ ನೋಡಿ, ಒಳಗೆ ಹೋಯಿತು. ಮೊರಿತಾ-ಸಾನ್ ಆ ಮೂವತ್ತೇಳು ನಿಮಿಷವೂ ಎರಡು ಕೈಯಲ್ಲಿ ಟೋಪಿ ಹಿಡಿದು, ನೋಯುವ ಮೊಣಕಾಲಿನ ಮೇಲೆ ನಿಂತೇ ಇದ್ದರು. ಕೊನೆಗೆ ಕುಳಿತರು. ಚಂದ್ರಶೇಖರನ ತೋಳು ತಟ್ಟಿ, "ಬೇಜಾರಾಗಬೇಡಿ. ನಿಮಗೂ ಎಷ್ಟು ಆಸೆ ಇತ್ತೋ," ಎಂದರು.

ಅವನಿಗೆ ಆ ಮಾತು ಅರ್ಥವಾದದ್ದು ಮಧ್ಯಾಹ್ನ ಒಂದು ಗಂಟೆಗೆ, ಊಟದ ಡೇರೆಯಿಂದ ಹರ್ಷಿಣಿಗೆ ಫೋನು ಮಾಡಿದಾಗ. ಅವಳು ಫುಕುವೋಕಾದ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ. ಅಲ್ಲಿ ಆಗ ಸಂಜೆ ಏಳು. ಸಂಗತಿ ಕೇಳಿ ಅವಳು ನಕ್ಕದ್ದು ಎಷ್ಟು ಹೊತ್ತೆಂದರೆ, ಚಂದ್ರಶೇಖರ ಗಡಿಯಾರ ನೋಡುವುದನ್ನೂ ಬಿಟ್ಟ.

"ಅಪ್ಪಾ, ಯೂ ರಿಯಲಿ ಡಿಡ್ ನಾಟ್ ನೋ? ಪ್ರೈಮರಿ ಸ್ಕೂಲಲ್ಲಿ ನನ್ ಫ್ರೆಂಡ್ಸ್ ಎಲ್ಲ ನಿಮ್ಮನ್ನ ಸಾಯಿ-ಓಜಿಸಾನ್ ಅಂತಿದ್ರು."

"ಅಂದ್ರೆ?"

"ಘೇಂಡಾಮೃಗದ ಅಂಕಲ್," ಎಂದಳು ವಸುಂಧರಾ ಪಕ್ಕದಿಂದ, ಅನ್ನ ಕಲೆಸುತ್ತಾ.

"ಯಾಕೆ ಹೇಳ್ಲಿಲ್ಲ ನೀನು?"

"ಐ ಥಾಟ್ ಇಟ್ ವಾಸ್ ಯುವರ್ ಥಿಂಗ್. ಲೈಕ್, ಸಮ್ ಪೀಪಲ್ ಲೈಕ್ ಟ್ರೈನ್ಸ್." ಅವಳು ಒಂದು ಕ್ಷಣ ತಡೆದಳು. "ವೆಯ್ಟ್. ಮೊರಿತಾ-ಸಾನ್ ಯಾಕೆ ಅಷ್ಟೊಂದ್ ಟವಲ್ ಕೊಡ್ತಾರೆ ಅಂದ್ಕೊಂಡಿದ್ರಿ?"

ಚಂದ್ರಶೇಖರ ಫೋನು ಕೆಳಗಿಟ್ಟ. ಡೇರೆಯ ಆ ತುದಿಯಲ್ಲಿ ಮೊರಿತಾ-ಸಾನ್ ಅಕ್ಕತಂಗಿಯರಿಗೆ ಹಣ್ಣು ಹೆಚ್ಚಿ ಕೊಡುತ್ತಿದ್ದರು. ಹನ್ನೆರಡು ವರ್ಷ, ಪ್ರತಿ ಬೆಳಿಗ್ಗೆ, ಗೋಡೆಯ ಆಚೆಯಿಂದ ಒಬ್ಬ ಮನುಷ್ಯ ತನ್ನ ಮನೆಯ ಒಂದೊಂದು ವಸ್ತುವಿಗೂ ಘೇಂಡಾಮೃಗ, ಘೇಂಡಾಮೃಗ ಎಂದು ಕೂಗುವುದನ್ನು ಅವರು ಕೇಳಿದ್ದರು. ಇಡೀ ಊರಿನಲ್ಲಿ ತನ್ನಷ್ಟೇ ಅದನ್ನು ಪ್ರೀತಿಸುವ ಇನ್ನೊಂದು ಜೀವ ಪಕ್ಕದ ಮನೆಯಲ್ಲೇ ಇದೆ ಎಂದು ತಿಳಿದಿದ್ದರು. ಅದಕ್ಕೇ ಟವಲು. ಅದಕ್ಕೇ ಕಾರ್ಡು. ಅದಕ್ಕೇ "ನನಗೆ ನೆನಪಾದದ್ದು ಒಬ್ಬರೇ".

"ಹೋಗಿ ಹೇಳ್ಬಿಡ್ತೀನಿ," ಎಂದು ಎದ್ದ.

"ಕೂತ್ಕೊಳ್ಳಿ," ಎಂದಳು ವಸುಂಧರಾ. "ಏನಂತ ಹೇಳ್ತೀರಿ? ಹನ್ನೆರಡು ವರ್ಷದ ಟವಲ್ ಎಲ್ಲ ವಾಪಸ್ ತಗೊಳ್ಳಿ, ನಾನು ಗ್ಯಾಸ್ ಆಫ್ ಮಾಡ್ತಿದ್ದೆ ಅಂತಲಾ?"

"ಮತ್ತೆ ಬೆಳಿಗ್ಗೆ ಆಗಿದ್ದಕ್ಕೆ ಏನ್ ಉತ್ತರ?"

"ಪೊದೆ ನೋಡಿ ಘೇಂಡಾಮೃಗ ಅಂದ್ಕೊಂಡ್ರು, ಸುಮಿಮಾಸೆನ್, ಕ್ಷಮಿಸಿ ಅಂತ ನಾನು ಆಗ್ಲೇ ಹೇಳಾಯ್ತು."

ಚಂದ್ರಶೇಖರನ ಮುಖ ನೋಡುವಂತಿತ್ತು. ಡಿಗ್ರಿಯ ಸಾವಿರದಲ್ಲಿ ಮೂರು ಪಾಲು ಹಿಡಿಯುವವನು, ಹಾಡಹಗಲಲ್ಲಿ, ಪೊದೆಯನ್ನು ಕಂಡು ಘೇಂಡಾಮೃಗ ಅಂದನೆಂದು ಆರು ಜನ ನಂಬಿದ್ದರು.

ಅದರ ಮೇಲೆ ಸಂಜೆ ಓಕಾದಾ-ಸಾನ್ ಬಾವುಟ ಸಮೇತ ಬಂದು ಮೂರು ಸಲ ತಲೆ ಬಾಗಿಸಿ, "ಚಂದ್ರ-ಸಾನ್, ಹೇಳಲು ತುಂಬಾ ಸಂಕೋಚ. ಇನ್ನು ಮುಂದೆ ದಯವಿಟ್ಟು ಖಚಿತವಾದ ಮೇಲೆ ಮಾತ್ರ ಹೇಳುತ್ತೀರಾ?" ಎಂದಳು. ಅವನಿಗೆ, ಖಚಿತವಾದ ಮೇಲೆ!

ಎರಡನೆಯ ದಿನ ಅವನು ತುಟಿ ಹೊಲಿದುಕೊಂಡಂತೆ ಕುಳಿತ. ಬೆರಳು ಮೇಲೇಳುತ್ತಿತ್ತು, ಬಾಯಿ ತೆರೆಯುತ್ತಿತ್ತು, ವಸುಂಧರಾ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಆದರೂ ಮಧ್ಯಾಹ್ನ ನೀರಿನ ಬಾಟಲಿಗೆ ಒಂದು "ಸೈ" ಜಾರಿಬಿಟ್ಟು, ಚಿಕ್ಕ ತಂಗಿ ಬೆಂಚಿನ ಮೇಲೆ ಹತ್ತಿ ಇಳಿಯಬೇಕಾಯಿತು. ಮಾತು ಕಳೆದುಕೊಂಡವನಿಗೆ ಉಳಿದದ್ದು ಕಣ್ಣು. ಮೊರಿತಾ-ಸಾನ್ ಅವರಿಗೆ ಒಂದು ಮುಖ ಹುಡುಕಿಕೊಡದೆ ಈ ಸಾಲ ತೀರುವುದಿಲ್ಲ ಎಂದು ನಿಶ್ಚಯಿಸಿ, ದುರ್ಬೀನು ಹಿಡಿದು ಬಯಲನ್ನು ಎಡದಿಂದ ಬಲಕ್ಕೆ, ಹತ್ತಿರದಿಂದ ದೂರಕ್ಕೆ, ಹೊಲ ಉತ್ತಂತೆ ಸಾಲುಸಾಲಾಗಿ ನೋಡತೊಡಗಿದ. ಮೂರನೆಯ ದಿನವೆಲ್ಲ ಹಾಗೇ ನೋಡಿದ. ಚಿರತೆ ಸಿಕ್ಕಿತು, ಅದು ಬೇಕಿರಲಿಲ್ಲ. ಘೇಂಡಾಮೃಗ ಈ ಬಯಲಿನಲ್ಲಿ ಬಲು ಕಡಿಮೆ, ಬಂದು ನೋಡದೆ ಹೋದವರೇ ಹೆಚ್ಚು ಎಂದ ಕಿಬೆಟ್.

ಕೊನೆಯ ಬೆಳಿಗ್ಗೆ. ಸಣ್ಣ ವಿಮಾನ ಎಂಟು ಮೂವತ್ತಕ್ಕೆ ಹೊರಡುವುದಿತ್ತು. ಏಳು ನಲವತ್ತಕ್ಕೆ ಗಾಡಿ ತಿರುಗಲೇಬೇಕು ಎಂದು ಓಕಾದಾ-ಸಾನ್ ಹೊರಡುವಾಗಲೇ ಎರಡು ಸಲ ಹೇಳಿದ್ದಳು. ಆರು ಐವತ್ತೆಂಟಕ್ಕೆ ಚಂದ್ರಶೇಖರನ ದುರ್ಬೀನು ಹನ್ನೊಂದನೆಯ ಸಾಲಿನಲ್ಲಿ ನಿಂತಿತು. ಒಂದು ಬೂದು ಬಂಡೆ. ಬಂಡೆಗೆ ಕಿವಿ.

ಅವನ ತೋಳು ತಾನಾಗಿಯೇ ಮುಂದೆ ಚಾಚಿತು, ಬೆರಳು ಗುರಿಯಿಟ್ಟಿತು. ಬಾಯಿ ಮಾತ್ರ ತೆರೆಯಲಿಲ್ಲ. ಸದ್ದಿಲ್ಲದ ಸಿಗ್ನಲ್ ಕಂಬದ ಹಾಗೆ ನಿಂತುಬಿಟ್ಟ.

ಮೊರಿತಾ-ಸಾನ್ ನೋಡಿದರು. "ಹೇಳಿ, ಚಂದ್ರ-ಸಾನ್."

"ತಡೀರಿ, ಇನ್ನೂ ಖಚಿತವಿಲ್ಲ." ಅವನು ಮತ್ತೆ ದುರ್ಬೀನು ಹಿಡಿದ. ಕಿವಿ ಎರಡು. ಬಾಲ ಒಂದು, ಅಲುಗಾಡಿತು. ಬೆನ್ನು. ಹುಲ್ಲಿಂದ ಒಂದು ಕ್ಷಣ ಮೇಲೆದ್ದ ತಲೆಯ ಅಂಚಿನಲ್ಲಿ ಕೊಂಬು. ದುರ್ಬೀನು ಇಳಿಸಿ, ಒರೆಸಿ, ಮೂರನೆಯ ಸಲ ನೋಡಿ, ಪಿಸುಗುಟ್ಟಿದ: "ಸೈ."

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾವ ಪೊದೆ?" ಎಂದು ದೊಡ್ಡಕ್ಕ ವಿನಯವಾಗಿಯೇ ಕೇಳಿದಳು. ಓಕಾದಾ-ಸಾನ್ ಗಡಿಯಾರ ನೋಡಿದಳು. ಕಿಬೆಟ್ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, ಎಂಜಿನ್ನು ಚಾಲೂ ಮಾಡದೆ ಕುಳಿತಿದ್ದ. ಮೊದಲ ದಿನ ಆರು ಗಾಡಿಯವರು ಅವನಿಗೆ ಏನೇನು ಅಂದಿದ್ದರೋ.

"ಹೋಗೋಣ," ಎಂದರು ಮೊರಿತಾ-ಸಾನ್. ಸಣ್ಣ ಧ್ವನಿ, ಆದರೆ ಮೂವತ್ತೊಂದು ವರ್ಷ ಸಾಲಿನಲ್ಲಿ ನಿಂತವರನ್ನು ಸರಿಯಾಗಿ ನಿಲ್ಲಿಸಿದ ಧ್ವನಿ. "ಹನ್ನೆರಡು ವರ್ಷ ನಾನು ಗೋಡೆಯ ಆಚೆಯಿಂದ ಕೇಳಿದ್ದೇನೆ. ಈ ಮನುಷ್ಯ ನೋಡದೆ ಹೇಳುವವನಲ್ಲ."

ಗಾಡಿ ಹೋಯಿತು. ಎಂಬತ್ತು ಮೀಟರು ದೂರದಲ್ಲಿ ಕಿಬೆಟ್ ನಿಲ್ಲಿಸಿ, ಎಂಜಿನ್ನು ಆರಿಸಿ, ತನ್ನ ಟೋಪಿ ತೆಗೆದ. ಅದು ಘೇಂಡಾಮೃಗವೇ. ಮನೆಯಷ್ಟು ದೊಡ್ಡದು, ಒಣಗಿದ ಕೆಸರು ಮೆತ್ತಿದ್ದು, ಇವರ ಕಡೆಗೆ ಪೂರ್ತಿ ಬೆನ್ನು ಹಾಕಿ ನಿಂತದ್ದು.

ಮೊರಿತಾ-ಸಾನ್ ಅದರ ಹಿಂಭಾಗವನ್ನು ಬಹಳ ಹೊತ್ತು ನೋಡಿದರು. "ಹೌದು," ಎಂದರು ಕೊನೆಗೆ. "ಅದೇ."

ಏಳು ಹದಿನೈದಾಯಿತು, ಏಳು ಇಪ್ಪತ್ತೈದಾಯಿತು. ಅದು ತಲೆ ತಗ್ಗಿಸಿ ಮೇಯುತ್ತಿತ್ತು. ಮಾತಾಡುವಂತಿಲ್ಲ, ಅದರ ಕಣ್ಣು ಮಂದ, ಕಿವಿ ಚುರುಕು ಎಂದು ಕಿಬೆಟ್ ಸನ್ನೆ ಮಾಡಿದ್ದ. ಮೊರಿತಾ-ಸಾನ್ ಹಿಂಭಾಗದ ಫೋಟೋ ಹದಿನಾಲ್ಕು ತೆಗೆದು ಕ್ಯಾಮೆರಾ ಮಡಿಲಲ್ಲಿಟ್ಟುಕೊಂಡರು. ಏಳು ಮೂವತ್ತೊಂಬತ್ತಕ್ಕೆ ಓಕಾದಾ-ಸಾನ್ ಅವರ ಎದುರು ತಲೆ ಬಾಗಿಸಿದಳು, ಬಾಗಿಸಿದ ತಲೆ ಎತ್ತಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು, ಆದರೆ ವಿಮಾನ ವಿಮಾನವೇ.

"ಪರವಾಗಿಲ್ಲ," ಎಂದು ತುಟಿಯಲ್ಲೇ ಅಂದರು ಮೊರಿತಾ-ಸಾನ್. "ಹೊರಡೋಣ."

ಹೊರಡೋಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಚಂದ್ರಶೇಖರನೊಳಗಿನ ಇಪ್ಪತ್ತು ವರ್ಷ ಎದ್ದು ನಿಂತಿತು. ವಸುಂಧರಾ ಮೊಣಕೈ ಎತ್ತುವಷ್ಟರಲ್ಲಿ ಬೆರಳು ಅಗುಳಿಯ ಕಡೆ ಹೋಗಿಯಾಗಿತ್ತು, ಮತ್ತು ತಿಪಟೂರಿನ ಮಂಡಿಗೆಲ್ಲ ಕೇಳುವಂತಹ ಗಂಟಲಿನಿಂದ ಅವನು ಕೂಗಿಯಾಗಿತ್ತು:

"ಕಿಟಕಿ, ಸೈ!"

ಘೇಂಡಾಮೃಗ ತನ್ನ ಹೆಸರು ಕೇಳಿದಂತೆ ಗರಕ್ಕನೆ ತಿರುಗಿತು. ಎರಡು ಕೊಂಬು, ನಿಮಿರಿದ ಕಿವಿಗಳು, ಬಾಯಲ್ಲೊಂದು ಹಿಡಿ ಹಸಿರು, ಮುಖದ ಎರಡು ಪಕ್ಕಕ್ಕೆ ದೂರದೂರ ಇಟ್ಟ ಸಣ್ಣ ಕಣ್ಣು. ಯಾರಪ್ಪಾ ಕರೆದದ್ದು ಎಂಬಂತೆ ನೇರ ಗಾಡಿಯ ಕಡೆ ನೋಡಿತು.

ಯಾರೂ ಕ್ಯಾಮೆರಾ ಎತ್ತಲಿಲ್ಲ. ಮೊರಿತಾ-ಸಾನ್ ಬೆಂಚಿನಿಂದ ಎದ್ದು, ಟೋಪಿ ತೆಗೆದು, ಸೊಂಟದ ತನಕ ಬಾಗಿ, ಮೊದಲ ಸಲ ಭೇಟಿಯಾದವರಿಗೆ ಹೇಳುವ ಮಾತನ್ನು ಹೇಳಿದರು:

"ಹಾಜಿಮೆಮಾಶಿತೆ."

ಅವರು ತಲೆ ಎತ್ತಿ ಇನ್ನೊಮ್ಮೆ ನೋಡಿದ ಕೂಡಲೇ ಅದು ಬುಸ್ಸೆಂದು ಪೊದೆಯೊಳಗೆ ನುಗ್ಗಿ ಮಾಯವಾಯಿತು. ಚಂದ್ರಶೇಖರ ನೋಡಿಕೊಂಡ, ಅವನ ಹೆಬ್ಬೆರಳು ಯಾವ ಮಾಯದಲ್ಲೋ ಕೈಗಡಿಯಾರದ ಸ್ಟಾಪ್‌ವಾಚು ಒತ್ತಿ, ಮತ್ತೆ ಒತ್ತಿತ್ತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: "೭.೪೦, ಒಂದು, ೮೦ ಮೀ., ಮುಖ, ೪.೮ ಸೆ."

ಸೆಪ್ಟೆಂಬರಿನ ಮೂರನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ, ತ್ಸುಕುಬಾದ ಬಡಾವಣೆಯ ಸಮುದಾಯ ಭವನದಲ್ಲಿ ಹಿರಿಯರ ಸಂಘದವರು ಮೊರಿತಾ-ಸಾನ್ ಅವರ ಆಫ್ರಿಕಾದ ಅನುಭವ ಕೇಳಲು ಸೇರಿದ್ದರು. ಮೂವತ್ತೆರಡು ಕುರ್ಚಿ, ಮೂವತ್ತೆರಡೂ ಭರ್ತಿ. ವಸುಂಧರಾ ಎಲ್ಲರಿಗೂ ಕೋಡುಬಳೆ ಮಾಡಿ ತಂದಿದ್ದಳು. ಚಂದ್ರಶೇಖರ ಕೊನೆಯ ಸಾಲಿನಲ್ಲಿ, ಸೆಕೆಗೆ ಕುತ್ತಿಗೆಯ ಸುತ್ತ ಘೇಂಡಾಮೃಗದ ಟವಲು ಹಾಕಿಕೊಂಡು ಕುಳಿತಿದ್ದ. ಅದು ತನ್ನದೇ ಎಂದು ಅವನಿಗೆ ಈಗ ಅನ್ನಿಸತೊಡಗಿತ್ತು.

ಪರದೆಯ ಮೇಲೆ ಘೇಂಡಾಮೃಗದ ಹಿಂಭಾಗ ಮೂಡಿತು. ಮುಂದಿನ ಚಿತ್ರ, ಹಿಂಭಾಗ. ಅದರ ಮುಂದಿನದೂ ಹಿಂಭಾಗ. ಸಭೆಯಲ್ಲಿ ಸಣ್ಣಗೆ ನಗು ಎದ್ದಿತು.

"ಆಮೇಲೆ ಅದು ತಿರುಗಿತು," ಎಂದರು ಮೊರಿತಾ-ಸಾನ್, ಮೈಕು ಎರಡೂ ಕೈಯಲ್ಲಿ ಹಿಡಿದು. "ತಿರುಗಿ, ನನ್ನ ಮುಖವನ್ನೇ ನೋಡಿತು. ಪೂರ್ತಿ ಒಂದು ನಿಮಿಷ."

ಎರಡನೆಯ ಸಾಲಿನಿಂದ ನಡಿಗೆ ಕೂಟದ ಅಧ್ಯಕ್ಷ ಕುರೋದಾ-ಸಾನ್ ಕೈ ಎತ್ತಿದರು. ಎಲ್ಲ ಊರಿನಲ್ಲೂ ಇಂಥವರು ಒಬ್ಬರಿರುತ್ತಾರೆ. "ಒಂದು ನಿಮಿಷ ಎಂದರೆ ಬಹಳವಾಯಿತಲ್ಲ, ಮೊರಿತಾ-ಸಾನ್. ಅಷ್ಟು ಹೊತ್ತಿನಲ್ಲಿ ಒಂದು ಫೋಟೋ ತೆಗೆಯಲಾಗಲಿಲ್ಲವೇ? ಕನಸೋ ಏನೋ."

ಈ ಸಲ ನಗು ಸ್ವಲ್ಪ ಜೋರಾಗಿತ್ತು. ಮೊರಿತಾ-ಸಾನ್ ಅವರ ಕೆನ್ನೆ ಕೆಂಪಾಯಿತು, ಮೈಕು ಕೆಳಗಿಳಿಯಿತು. ಅವರ ಕಣ್ಣು ಕೊನೆಯ ಸಾಲಿಗೆ ಬಂತು.

"ಚಂದ್ರ-ಸಾನ್ ಅಲ್ಲೇ ಇದ್ದರು. ಅವರ ಕೈಯಲ್ಲಿ ಗಡಿಯಾರವೂ ಇತ್ತು. ಅವರನ್ನೇ ಕೇಳಿ."

ಮೂವತ್ತು ತಲೆ ಹಿಂದಕ್ಕೆ ತಿರುಗಿದವು. ಅಳತೆಯ ಸಂಸ್ಥೆಯವರು ಎಂದು ಎಲ್ಲರಿಗೂ ಗೊತ್ತಿತ್ತು. ಚಂದ್ರಶೇಖರ ಎದ್ದು ನಿಂತ. ಎದೆಯ ಜೇಬಿನಲ್ಲಿ ನೋಟ್‌ಬುಕ್ಕು ಇತ್ತು, ಅದರಲ್ಲಿ ಆ ಸಾಲು ಇತ್ತು. ಪಕ್ಕದಲ್ಲಿ ವಸುಂಧರಾ ಕೋಡುಬಳೆಯ ಡಬ್ಬಿಯನ್ನು ಬಿಗಿಯಾಗಿ ಹಿಡಿದುಕೊಂಡು, ನೂರು ಮೀಟರಿನ ಓಟವನ್ನು ನೆನೆದು, ಕಣ್ಣು ಮುಚ್ಚಿದಳು.

ಅವನು ಜೇಬು ಮುಟ್ಟಿ ನೋಡಿಕೊಂಡ. ಗಂಟಲು ಸರಿಪಡಿಸಿಕೊಂಡ.

"ಮೊರಿತಾ-ಸಾನ್ ಹೇಳಿದ್ದು ತಪ್ಪು," ಎಂದ. "ಒಂದು ನಿಮಿಷ ಅಲ್ಲ."

ಕುರೋದಾ-ಸಾನ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಚಂದ್ರಶೇಖರ ಬಲಗೈ ಎತ್ತಿ, ಪರದೆಯ ಮೇಲಿನ ಆ ಬೂದು ಹಿಂಭಾಗಕ್ಕೆ ತೋರುಬೆರಳು ಗುರಿಯಿಟ್ಟು, ತಕ್ಕಡಿಯ ಮುಳ್ಳು ನಿಂತ ಮೇಲೆ ತೂಕ ಹೇಳುವವನ ಧ್ವನಿಯಲ್ಲಿ ಹೇಳಿದ:

"ಅರವತ್ತಮೂರು ಸೆಕೆಂಡು."